ಬೋಲ್ಟಿನಡಿಯ ಕೆಂಪು ಬಣ್ಣ

"ನಿಮ್ಮನ್ನ ಯಾರು ಕರೆದ್ರು?"

ಬೈಕಿನಿಂದ ಇಳಿಯುತ್ತಿದ್ದ ಷಡಕ್ಷರಿ ಒಂದು ಕಾಲು ನೆಲದ ಮೇಲಿಟ್ಟು ಹಾಗೇ ನಿಂತ.

"ನಿಮ್ಮಪ್ಪಾರು ಫೋನ್ ಮಾಡಿದ್ರು. ಗಾಡಿ ಹನೂರು ದಾಟಿ ನಿಂತ್ಬುಟ್ಟದೆ, ಓಗಿ ನೋಡಪ್ಪ ಅಂದ್ರು. ಬ್ಯಾಡ ಅಂದ್ರೆ ವಾಪಸ್ ಓಯ್ತೀನಿ."

ಬೇಡ ಎಂಬ ಮಾತು ರೋಜಾಳ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹುಣಸೆಮರದ ಕೆಳಗೆ ನಿಂತಿದ್ದ ಅವಳ ಸಣ್ಣ ಟ್ರಕ್ಕಿನ ತುಂಬ ಹೂಗ್ಯಂ ಊರಿನ ರೇಷ್ಮೆಗೂಡಿತ್ತು. ಬಿಸಿಲೇರಿ ಗೂಡು ಬೆವರಿದರೆ ನೂಲು ಕೆಡುತ್ತದೆ. ಕೊಳ್ಳೇಗಾಲದ ಹರಾಜು ಮಧ್ಯಾಹ್ನದೊಳಗೆ ಮುಗಿದುಹೋಗುತ್ತದೆ. ಗೂಡು ಬೆಳೆದ ಗುರುಸಿದ್ದಮ್ಮ ಮುಂದಿನ ಸೀಟಿನಲ್ಲಿ ಎಲೆಯಡಿಕೆ ಅಗಿಯುತ್ತಾ ಕೂತಿದ್ದರು.

"ಬಂದೋನ್ನ ನಿಲ್ಸಿ ಇಚಾರ್ಣೆ ಮಾಡ್ತೀಯಲ್ಲ ಕೂಸೇ," ಎಂದರು ಅವರು. "ಮೊದ್ಲು ನೋಡ್ಲಿ. ಜಗ್ಳ ಆಮೇಲೆ ನಿಧಾನಕ್ಕೆ ಆಡೀರಂತೆ."

ರೋಜಾ ಮುಖ ತಿರುಗಿಸಿದಳು. ಜಗಳ ಆಗಲೇ ಆಗಿಹೋಗಿತ್ತು.

ಆಯುಧಪೂಜೆಯ ಮುನ್ನಾದಿನ ಟ್ರಕ್ಕಿನ ನೆತ್ತಿಗೆ ಬಣ್ಣದ ಸೀರಿಯಲ್ ಲೈಟ್ ಕೂರಿಸಿಕೊಟ್ಟವನು ಇದೇ ಷಡಕ್ಷರಿ. ಕೊಳ್ಳೇಗಾಲದ ಲಾರಿ ಸ್ಟ್ಯಾಂಡಿನ ಪಕ್ಕ ಅವನದು ಗಾಡಿಗಳ ವೈರಿಂಗ್ ಅಂಗಡಿ. ಅಂದು ಲೈಟ್ ಹತ್ತಿದಾಗ ಅವಳು ಮಗುವಿನ ಹಾಗೆ ನಕ್ಕಿದ್ದಳು. ಅವನು ಲೈಟ್ ಬಿಟ್ಟು ಅವಳನ್ನೇ ನೋಡುತ್ತಿದ್ದ. ಆ ನೋಟವನ್ನು ಅವಳು ಸ್ಟೀರಿಂಗ್ ಹಿಡಿದು ಎಷ್ಟೋ ಸಲ ನೆನೆದಿದ್ದಳು...

ಆದರೆ ದಸರೆ ಕಳೆದು ಒಂದೆರಡು ಮಳೆ ಬೀಳುತ್ತಲೇ ಗಾಡಿ ದಾರಿಯಲ್ಲಿ ನಿಲ್ಲತೊಡಗಿತು. ಟ್ಯಾಂಕಿನಿಂದ ಎಂಜಿನಿಗೆ ಪೆಟ್ರೋಲ್ ತಳ್ಳುವ ಫ್ಯೂಯಲ್ ಪಂಪ್ ಸತ್ತಿದೆ ಎಂದ ಮೆಕ್ಯಾನಿಕ್. ಹೊಸದು ಹಾಕಿದ. ನಾಲ್ಕು ದಿನ ಓಡಿ ಅದೂ ಸತ್ತಿತು. ಆಗ ಸ್ಟ್ಯಾಂಡಿನಲ್ಲಿ ಎಲ್ಲರೆದುರು ಅವಳು ಅಂದಿದ್ದಳು, "ನಿಮ್ಮ ಲೈಟೇ ನನ್ ಪಂಪ್ ತಿಂದಾಕಿದ್ದು."

ಅವನು ಇಲ್ಲ ಎನ್ನಲಿಲ್ಲ. ತಲೆ ತಗ್ಗಿಸಿ ಅಂಗಡಿಯೊಳಗೆ ಹೋಗಿದ್ದ. ತಪ್ಪು ಮಾಡದವನು ಹಾಗೆ ಸುಮ್ಮನಿರುತ್ತಾನೆಯೇ? ಆಮೇಲೆ ಹಾಕಿಸಿದ ಪಂಪೂ ಇವತ್ತು ಕೈ ಕೊಟ್ಟಿತ್ತು.

ಇವತ್ತು ಬೆಳಿಗ್ಗೆ ಅಣ್ಣ ದೇವರಾಜ್ ಕಡ್ಡಿ ಮುರಿದಂತೆ ಹೇಳಿದ್ದ: "ಗೂಡು ಹರಾಜಿಗೆ ಮುಟ್ದೆ ಇದ್ರೆ ಸಾಯಂಕಾಲ ಯಳಂದೂರಿನವ್ರಿಗೆ ಗಾಡಿ ಮಾರ್ಬುಡ್ತೀನಿ. ನೀನು ಮನೇಲಿರು."

ಅಪ್ಪ ದೊಡ್ಡಮಾದಪ್ಪನ ಕಣ್ಣು ಮಂಜಾದ ಮೇಲೆ ಈ ಗಾಡಿಯೇ ಅವಳ ಬದುಕು. ಬೆಟ್ಟದಂಚಿನ ದಾರಿಗಳಲ್ಲಿ ಅವಳು ಬರುತ್ತಾಳೆಂದು ಜನ ಗೂಡು ಬಿಡಿಸಿಟ್ಟುಕೊಂಡು ಕಾಯುತ್ತಿದ್ದರು. ಗಾಡಿ ಹೋದರೆ ಅವಳು ಬರೀ ದೇವರಾಜನ ತಂಗಿ.

"ನೋಡಿ," ಎಂದಳು ಕೊನೆಗೆ. ಮತ್ತೊಂದು ಹೊಸ ಪಂಪಿನ ಡಬ್ಬವನ್ನು ಅವನ ಮುಂದೆ ಹಿಡಿದಳು. "ಇದನ್ನ ಹಾಕ್ಬುಡಿ. ಸಾಕು."

"ಈಗ್ಲೇ ಡಬ್ಬ ಒಡೀಬ್ಯಾಡಿ. ಕೀ ತಿರುಗ್ಸಿ ಒಂದ್ಸಲ."

ಅವಳು ಕೀ ತಿರುಗಿಸಿದಳು. ಅವನು ಟ್ಯಾಂಕಿಗೆ ಕಿವಿಯಿಟ್ಟ. ಕೀ ಹಾಕಿದೊಡನೆ ಎರಡು ಉಸಿರಿನಷ್ಟು ಹೊತ್ತು ಗುಂಯ್ ಎನ್ನಬೇಕಾದ ಪಂಪ್ ಉಸಿರೆತ್ತಲಿಲ್ಲ.

ಅವನು ಪಂಪಿಗೆ ಹೋಗುವ ವೈರಿನ ಜೋಡಣೆ ಬಿಚ್ಚಿ ಮೀಟರ್ ಹಿಡಿದ.

"ಕರೆಂಟ್ ಪೂರ್ತಿ ಬತ್ತಾ ಅದೆ."

"ಮತ್ತೆ? ಪಂಪೇ ಕೆಟ್ಟೋಗದೆ ಅಂತ ಆಯ್ತಲ್ಲ. ಮೆಕ್ಯಾನಿಕ್ಕೂ ಇದನ್ನೇ ಅಂದ."

ಷಡಕ್ಷರಿ ಚೀಲದಿಂದ ಒಂದು ಹಳೆಯ ಹೆಡ್‌ಲೈಟ್ ಬಲ್ಬ್ ತೆಗೆದ. "ಕರೆಂಟ್ ಇದ್ದೀಯಾ ಅಂತ ಮೀಟರ್ ಕೇಳ್ತದೆ ಅಷ್ಟೇಯ. ಭಾರ ಒರ್ತೀಯಾ ಅಂತ ಕೇಳಾದು ಈ ಬಲ್ಬು."

ಪಂಪಿನ ಜಾಗದಲ್ಲಿ ಬಲ್ಬ್ ಕೂರಿಸಿದ. ಅದು ಆರುವ ಬೀಡಿಯ ತುದಿಯಷ್ಟೇ ಕೆಂಪಗೆ ಹತ್ತಿತು.

"ಪಂಪ್ ಸತ್ತಿಲ್ಲ ಕಣ್ರಿ. ಉಪಾಸ ಬಿದ್ದದೆ."

ರೋಜಾಳಿಗೆ ನಗು ಬಂತು. ತಡೆದುಕೊಂಡಳು.

ಮರುಕ್ಷಣ ಅವನು ಟ್ರಕ್ಕಿನ ನೆತ್ತಿ ಹತ್ತಿದ.

"ಅಲ್ಲಿಗ್ಯಾಕೆ ಓದ್ರಿ?"

"ಮೊದ್ಲು ನನ್ ಕೆಲ್ಸ ನೋಡ್ಬೇಕಲ್ಲ. ನೀವಂದಿದ್ದು ನಿಜಾನೇ ಇರ್ಬೋದು."

ತಾನೇ ಹಾಕಿದ್ದ ಲೈಟಿನ ವೈರನ್ನು ಬುಡದಿಂದ ಬಿಚ್ಚಿ ಬಂದು ಮತ್ತೆ ಬಲ್ಬ್ ನೋಡಿದ. ಅದೇ ಮಂಕು ಕೆಂಪು. ಅಪವಾದ ಕಳೆಯಿತೆಂದು ಅವನು ತಲೆಯೆತ್ತಿ ಅವಳನ್ನು ನೋಡಲಿಲ್ಲ. ಮುಂದಿನ ವೈರಿಗೆ ಕೈ ಹಾಕಿದ. ರೋಜಾ ಅಂದುಕೊಂಡಳು, 'ಇವನು ನನ್ನ ಮೇಲೆ ಗೆಲ್ಲೋಕೆ ಬಂದಿಲ್ಲ... ಗಾಡಿಗೆ ಏನಾಗಿದೆ ಅಂತ ತಿಳ್ಕೊಳ್ಳೋಕೆ ಬಂದಿದಾನೆ.'

ಆಮೇಲೆ ಅವನು ಬ್ಯಾಟರಿಯಿಂದ ಉದ್ದದ ಕಪ್ಪು ವೈರ್ ಎಳೆತಂದು ಬಲ್ಬಿನ ಇನ್ನೊಂದು ಕಾಲಿಗೆ ಮುಟ್ಟಿಸಿದ. ಬಲ್ಬ್ ಕಣ್ಣು ಕೋರೈಸುವಂತೆ ಉರಿಯಿತು.

"ನೋಡುದ್ರಾ? ಕರೆಂಟ್ ಬರೋ ದಾರಿ ಚೆಂದಾಗದೆ. ವಾಪಸ್ ಓಗೋ ದಾರೀಲಿ ಏನೋ ಅಡ್ಡ ಕೂತದೆ. ಪಂಪಿನ ಕಪ್ಪು ವೈರು ಕೆಳ್ಗೆ ಚಾಸಿಗೆ, ಗಾಡಿ ಚೌಕಟ್ಟಿಗೆ, ಬೋಲ್ಟಾಗಿರ್ತದೆ, ಅರ್ತಿಂಗ್ ಅಂತೀವಲ್ಲ, ಅದು."

ಗೋಣಿಚೀಲ ಹಾಸಿ ಅವನು ಗಾಡಿಯ ಕೆಳಗೆ ತೂರಿದ. ಕರೆಯದೆಯೇ ರೋಜಾಳೂ ಟಾರ್ಚ್ ಹಿಡಿದು ತೂರಿದಳು. ಅವನ ಬೆರಳುಗಳು ಕಪ್ಪು ವೈರನ್ನು ಹಿಡಿದು ಗೇಣು ಗೇಣಾಗಿ ಸರಿಯುತ್ತಿದ್ದವು. ಅಪ್ಪ ಕತ್ತಲಲ್ಲಿ ಗೋಡೆ ಸವರಿಕೊಂಡು ನಡೆಯುವಾಗಿನ ಎಚ್ಚರವೇ ಆ ಬೆರಳುಗಳಲ್ಲೂ ಇತ್ತು. ಈ ಕೈಗಳನ್ನೇ ತಾನು ಎಲ್ಲರೆದುರು ಹಳಿದದ್ದು...

ಬೆರಳು ಒಂದು ಬೋಲ್ಟಿನ ಮೇಲೆ ನಿಂತಿತು. ಅವನು ಸ್ಪ್ಯಾನರ್ ಹಾಕಿ ಬಿಚ್ಚಿ, ವೈರಿನ ತುದಿಯ ಲೋಹದ ಬಳೆಯನ್ನು ಪಕ್ಕಕ್ಕೆ ಸರಿಸಿದ. ಕೆಳಗೆ ಕಬ್ಬಿಣ ಕಾಣಲಿಲ್ಲ. ಅಲ್ಲಿದ್ದದ್ದು ನುಣ್ಣಗೆ ಬಳಿದ ಕೆಂಪು ಬಣ್ಣ.

ರೋಜಾ ಟಾರ್ಚನ್ನು ಹತ್ತಿರ ತಂದಳು.

"ಅದು... ನಾನು ಬಳ್ದಿದ್ದು," ಎಂದಳು ರೋಜಾ.

ಪೂಜೆಗೆಂದು ಚಾಸಿಗೆಲ್ಲ ಬಣ್ಣ ಹೊಡೆದವಳು ಅವಳೇ. ಅಪ್ಪನ ಗಾಡಿಯಲ್ಲಿ ಬೆರಳಗಲವೂ ಬರಿದಾಗಿ ಉಳಿಯಬಾರದೆಂದು ಬೋಲ್ಟ್ ಬಿಚ್ಚಿ, ಅದರಡಿಯೂ ಬಳಿದು, ಒಣಗಿಸಿ, ಮತ್ತೆ ಬಿಗಿದಿದ್ದಳು. ಕಬ್ಬಿಣಕ್ಕೂ ವೈರಿಗೂ ನಡುವೆ ಬಣ್ಣ ಗೋಡೆಯಾಗಿತ್ತು. ಬೋಲ್ಟಿನ ತಿರುಪುಗಳ ಮೂಲಕ ಹೇಗೋ ಹರಿಯುತ್ತಿದ್ದ ಅಷ್ಟಿಷ್ಟು ಕರೆಂಟನ್ನೂ ಮಳೆಯ ತುಕ್ಕು ತಡೆದಿತ್ತು. ಪಂಪ್ ಬದಲಿಸಿದಾಗಲೆಲ್ಲ ವೈರ್ ಅಲುಗಿ ನಾಲ್ಕು ದಿನ ಸರಿಹೋಗುತ್ತಿತ್ತು, ಅಷ್ಟೇ.

ಈಗ ಅವನು ಏನಾದರೂ ಅನ್ನಲಿ ಎಂದು ಅವಳು ಕಾದಳು. ಅಂದರೆ ಸಹಿಸಿಕೊಳ್ಳಬಹುದಿತ್ತು.

"ಎಲ್ರೂ ಬೋಲ್ಟ್ ಮೇಲೇ ಸಾರ್ಸ್ಬುಟ್ಟು ಓಯ್ತಾರೆ," ಎಂದ ಷಡಕ್ಷರಿ. "ಬಿಚ್ಚಿ ಅಡೀಲೂ ಬಳ್ದೋರ್ನ ನಾನು ಕಂಡಿದ್ದು ಇದೇ ಮೊದ್ಲು. ಇಷ್ಟು ಅಕ್ಕರೆ ಮಾಡಿದ್ದಕ್ಕೇ ಗಾಡಿ ನಿಂತದ್ದು ಕಣ್ರಿ." ಉಪ್ಪುಕಾಗದದ ತುಂಡನ್ನು ಅವಳ ಕೈಗಿಟ್ಟ. "ನೀವೇ ಉಜ್ಜಿ."

ಅವಳು ಉಜ್ಜಿದಳು. ಕೆಂಪು ಪುಡಿ ಕೆನ್ನೆಯ ಮೇಲೆ ಉದುರಿತು. ಕಬ್ಬಿಣ ಬೆಳ್ಳಿಯಂತೆ ಹೊಳೆಯುವವರೆಗೂ ಉಜ್ಜಿದಳು. ಅವನು ಬಳೆ ಕೂರಿಸಿ ಬಿಗಿದು, ಮೇಲೆ ಗ್ರೀಸ್ ಸವರಿದ.

"ಅಜ್ಜೀ, ಕೀ ತಿರುಗ್ಸಿ."

"ಎತ್ಲಾಗಪ್ಪಾ?" ಎನ್ನುತ್ತಲೇ ಗುರುಸಿದ್ದಮ್ಮ ತಿರುಗಿಸಿದರು.

ಗುಂಯ್...

ಅವರಿಬ್ಬರ ತಲೆಯ ಮೇಲೆ, ಟ್ಯಾಂಕಿನೊಳಗೆ, ಪಂಪ್ ಹಾಡಿತು. ರೋಜಾ ಕಣ್ಣು ಮುಚ್ಚಿಕೊಂಡು ಕೇಳಿದಳು.

ಹೊರಡುವಷ್ಟರಲ್ಲಿ ದೇವರಾಜನ ಫೋನು. "ಮತ್ತೆ ನಿಂತದಂತೆ? ಆ ಲೈಟ್ನವ್ನ ಕೆಲ್ಸಾನೇ ತಾನೆ?"

ಹೂಂ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ತಪ್ಪು ತನ್ನದೆಂದರೆ, ಗಾಡಿ ನಡೆಸುವ ಯೋಗ್ಯತೆ ತಂಗಿಗಿಲ್ಲ ಎನ್ನಲು ಕಾಯುತ್ತಿದ್ದ ಅಣ್ಣನಿಗೆ ಅದೇ ನೆಪವಾಗುತ್ತಿತ್ತು. ಷಡಕ್ಷರಿ ಬೇಕೆಂದೇ ದೂರ ಸರಿದು ಚೀಲ ಕಟ್ಟುತ್ತಿದ್ದ.

"ಅಲ್ಲ ಕಣಣ್ಣ," ಎಂದಳು ಅವಳು, ಅವನಿಗೂ ಕೇಳುವಂತೆ. "ತಪ್ಪು ನಂದು. ಹುಡ್ಕಿದ್ದು ಅವ್ರು. ಗೂಡು ಹರಾಜಿಗೆ ಮುಟ್ತದೆ. ಯಳಂದೂರಿನವ್ರಿಗೆ ಬರಬ್ಯಾಡಿ ಅಂತೇಳು."

ಗೂಡು ಮುಟ್ಟಿತು. ಹರಾಜಿನ ಕೊನೆಯ ಸರದಿಯಲ್ಲಾದರೂ ಮುಟ್ಟಿತು.

ಇಳಿಹೊತ್ತಿನಲ್ಲಿ ಖಾಲಿ ಟ್ರಕ್ ಷಡಕ್ಷರಿಯ ಅಂಗಡಿಯ ಮುಂದೆ ಬಂದು ನಿಂತಿತು. ಸ್ಟ್ಯಾಂಡಿನ ಡ್ರೈವರುಗಳೆಲ್ಲ ಅಲ್ಲೇ ಟೀ ಕುಡಿಯುತ್ತಿದ್ದರು. ಅಂದು ನಿಂತ ಜಾಗದಲ್ಲೇ ನಿಂತು ರೋಜಾ ಅಂದಳು, "ಅವತ್ತು ನಾನು ಅಂದಿದ್ದು ಸುಳ್ಳು. ಇವ್ರ ಕೆಲ್ಸದಲ್ಲಿ ಒಂಚೂರೂ ತಪ್ಪಿರ್ಲಿಲ್ಲ."

ಆಮೇಲೆ ದನಿ ತಗ್ಗಿಸಿದಳು. "ಬಿಚ್ಚಿದ ಲೈಟ್ ಮತ್ತೆ ಹಾಕ್ಕೊಡ್ತೀರಾ?"

ಅವನು ಮೇಲೆ ಹತ್ತಿ ವೈರ್ ಜೋಡಿಸತೊಡಗಿದ. ಅವಳು ಕೆಳಗೆ ನಿಂತು ಕತ್ತೆತ್ತಿ ನೋಡುತ್ತಿದ್ದಳು.

"ಅವತ್ತು ಯಾಕೆ ಇಲ್ಲ ಅನ್ನಲಿಲ್ಲ ನೀವು?"

"ನೋಡ್ದೆ ಎಂಗೆ ಇಲ್ಲ ಅನ್ಲಿ?" ಎಂದ ಅವನು. "ನನ್ನಿಂದ್ಲೇ ಆಗಿದ್ರೆ? ಗಾಡಿ ಒಂದ್ಸಲ ತೋರ್ಸಿ ಅಂತ ನಿಮ್ಮನ್ನ ಕೇಳೋಕೂ ಧೈರ್ಯ ಸಾಲ್ಲಿಲ್ಲ. ದಿನಾ ನಿಮ್ಮಪ್ಪಾರ್ನ ಇಚಾರಿಸ್ತಿದ್ದೆ."

ಹಾಗಾದರೆ ಅಪ್ಪ ಇವನಿಗೇ ಫೋನ್ ಮಾಡಿದ್ದು ಸುಮ್ಮನೆ ಅಲ್ಲ.

"ನೋಡ್ದೆ ಏನೂ ಏಳಲ್ಲ ಅನ್ನಿ," ಎಂದಳು ರೋಜಾ. "ಹಂಗಾದ್ರೆ ನನ್ ಬಗ್ಗೆ? ಅದನ್ನೂ ಬಲ್ಬಿಟ್ಟು ನೋಡ್ಬೇಕಾ?"

ಮುಂದಿನ ಸೀಟಿನಿಂದ ಗುರುಸಿದ್ದಮ್ಮ ಗೊಣಗಿದರು, "ಬೇಗ ಏನಂತ ಏಳಪ್ಪ, ನಾನು ಊರಿಗೆ ಓಗ್ಬೇಕು."

ಷಡಕ್ಷರಿ ಕೊನೆಯ ವೈರ್ ಜೋಡಿಸಿದ. ಬಣ್ಣದ ದೀಪಗಳು ಒಂದೊಂದಾಗಿ ಹತ್ತಿ ಅವಳ ಮುಖದ ಮೇಲೆ ಹರಿದವು. ಈ ಸಲವೂ ಅವನು ದೀಪ ನೋಡಲಿಲ್ಲ.

"ಲೈಟ್ ಹಾಕ್ದ ದಿನಾನೇ ನೋಡಿ ಆಯ್ತು," ಎಂದ.

"ಮತ್ತೆ ಏಳ್ಲೇ ಇಲ್ಲ?"

"ಭಾರ ಒರ್ತೀನಾ ಅಂತ ನೀವು ಕೇಳ್ಲೇ ಇಲ್ವಲ್ಲ."

ರೋಜಾ ಅವನನ್ನು ಇಳಿಸಿಕೊಳ್ಳಲು ಕೈ ಚಾಚಿದಳು. ಬೆರಳ ಸಂದಿಯಲ್ಲಿ ಕೆಂಪು ಬಣ್ಣದ ಪುಡಿ ಇನ್ನೂ ಇತ್ತು.

"ಈಗ ಕೇಳ್ತಾ ಇವ್ನಿ," ಎಂದಳು.