ಐದು ಸಲ ಚುಚ್ಚಿಸಿಕೊಂಡವಳು

"ಈ ಚೀಟಿ ಬರೆದವರು ಯಾರ್ರಿ?"

ವಿಲೆ ಪಾರ್ಲೆಯ ಆ ಸಣ್ಣ ಲ್ಯಾಬೊರೇಟರಿಯ ಕೌಂಟರಿನ ಮೇಲೆ ಇಂದ್ರಾಬಾಯಿ ಕಾಗದವನ್ನು ಕುಕ್ಕಿದಳು. ಗಾಜಿನ ನಳಿಕೆ ತೊಳೆಯುತ್ತಿದ್ದ ಬಸವಂತರಾಯ ಬೆಚ್ಚಿಬಿದ್ದ.

"ನಾನೇ ಬರದೀನ್ರಿ. ನಿಮ್ಮ ಮೂತ್ರಕ್ಕ ಔಷಧ ಹಾಕಿ ಕಾಸಿದಾಗ ಇಟ್ಟಂಗಿ ಬಣ್ಣ ಬಂತು. ಸಕ್ಕರಿ ಕಾಯಿಲೆ ಅಂತ ಬರದೆ."

"ಡಾಕ್ಟರ್ ಏನು ನೀವು?"

ಬಸವಂತರಾಯ ಬರೀ ಲ್ಯಾಬ್ ಟೆಕ್ನಿಷಿಯನ್. ಅವನು ಬಣ್ಣವನ್ನಷ್ಟೇ ಬರೆಯಬೇಕಿತ್ತು. ರೋಗದ ಹೆಸರು ಬರೆಯುವುದು ಡಾಕ್ಟರ ಕೆಲಸ. ಅದು ಎಪ್ಪತ್ತನಾಲ್ಕನೇ ಇಸವಿ. ಇಂದ್ರಾಬಾಯಿಗೆ ಸಿಕ್ಕಿದ್ದ ಟೆಲಿಫೋನ್ ಆಪರೇಟರ್ ಕೆಲಸವೆಂದರೆ ಸಣ್ಣ ಮಾತಲ್ಲ; ಸೇರುವ ಮೊದಲು ಆರೋಗ್ಯ ತಪಾಸಣೆಯ ಚೀಟಿ ಕೊಡಬೇಕಿತ್ತು. ಅವನ ಒಂದು ಸಾಲಿನಿಂದ ಅದು ಅವಳ ಕೈತಪ್ಪುವುದರಲ್ಲಿತ್ತು. ಆಂಟಾಪ್ ಹಿಲ್‌ನಿಂದ ಲೋಕಲ್ ರೈಲು ಬದಲಿಸಿಕೊಂಡು, ಖಾಲಿ ಹೊಟ್ಟೆಯಲ್ಲಿ ಅವಳು ಬಂದಿದ್ದು ಅಳುವುದಕ್ಕಲ್ಲ!

"ನಮ್ಮಪ್ಪಗೂ ಹಿಂಗೇ ಅಂದಿದ್ರು. ಹನ್ನೆರಡು ವರ್ಷ ಆಯ್ತು, ಗುಂಡಕಲ್ಲಿನಂಗ ಅದಾನ! ರಕ್ತ ತಗೋರಿ. ಎಷ್ಟು ಬೇಕಾದ್ರೂ ತಗೋರಿ!"

"ಐದು ಸಲ ಚುಚ್ಚಬೇಕಾಗ್ತದ್ರಿ..."

"ಚುಚ್ಚರಿ!"

ಗ್ಲೂಕೋಸ್ ನೀರು ಕುಡಿಸಿ, ಅರ್ಧ ಗಂಟೆಗೊಮ್ಮೆ ಸೂಜಿ. ಮೊದಲ ಸಲ ಅವಳು ಅವನನ್ನು ಸುಡುವಂತೆ ನೋಡಿದಳು. ಮೂರನೆಯ ಸಲ ಸೂಜಿ ಚುಚ್ಚುವಾಗ ಅವನೇ ಮುಖ ಕಿವುಚಿದ. 'ನೋವು ನನಗೋ, ಇವರಿಗೋ?' ಎಂದುಕೊಂಡಳು. ನಗು ಬರಬಾರದಿತ್ತು... ಬಂದೇ ಬಿಟ್ಟಿತು!

ಸಂಜೆಯವರೆಗೂ ಅವಳು ಬೆಂಚು ಬಿಟ್ಟು ಕದಲಲಿಲ್ಲ. ಬಸವಂತರಾಯ ಫಲಿತಾಂಶವನ್ನು ಎರಡೆರಡು ಬಾರಿ ನೋಡಿದ. ಮೂತ್ರದ ಬಣ್ಣ ಮತ್ತೆ ಅದೇ. ಆದರೆ ರಕ್ತದ ಸಕ್ಕರೆ? ಐದಕ್ಕೆ ಐದೂ ಸರಿ!

ಅವನು ನೇರ ಡಾಕ್ಟರ ಕೋಣೆಗೆ ಹೋದ.

"ತಪ್ಪು ನಂದು ಸರ್. ಬೇಕಾದ್ರ ನನ್ನ ಕೆಲಸ ತಗೀರಿ, ಆ ಹುಡುಗಿ ಚೀಟಿ ತಿದ್ದಿ ಕೊಡ್ರಿ."

ಅವನ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಇಂದ್ರಾ ಕೇಳಿಸಿಕೊಂಡಳು. ಬೆಳಗಿನಿಂದ ಕಾಪಾಡಿಕೊಂಡಿದ್ದ ಸಿಟ್ಟು ಎಲ್ಲಿ ಹೋಯಿತೋ!

ಡಾಕ್ಟರು ಅವನನ್ನು ಗದರಿದರು, ಆಮೇಲೆ ಅವಳಿಗೆ ಬಿಡಿಸಿ ಹೇಳಿದರು. ಅವಳ ಮೂತ್ರಪಿಂಡ ಸಕ್ಕರೆಯನ್ನು ರಕ್ತಕ್ಕೆ ಮರಳಿ ಸಾಗಿಸುವುದರಲ್ಲಿ ಕೊಂಚ ಸೋಮಾರಿ. ಹುಟ್ಟಿನಿಂದ ಬಂದದ್ದು, ಬಹುಶಃ ಅಪ್ಪನಿಂದ. ಮಧುಮೇಹವಲ್ಲ. ಕೆಲಸಕ್ಕೆ ಅಡ್ಡಿಯಿಲ್ಲ.

ಅವಳು ಕೆಲಸಕ್ಕೆ ಸೇರಿ ತಿಂಗಳಾದ ಮೇಲೆ, ಒಂದು ಸಂಜೆ ಸ್ಟೇಷನ್ನಿನ ಸೇತುವೆಯ ಮೇಲೆ ಬಸವಂತರಾಯ ಅವಳಿಗಾಗಿ ಕಾಯುತ್ತ ನಿಂತಿದ್ದ.

"ಇಂದ್ರಾ... ನಿಮ್ಮನ್ನ ಮದುವಿ ಆಗಬೇಕಂತೀನಿ."

ಅವಳು ತಲೆಯೆತ್ತಿಯೇ ಹೇಳಿದಳು.

"ಮೂತ್ರದಾಗ ಸಕ್ಕರಿ ಹೋಗೋದು ಮುಚ್ಚಿಡು ಅಂತಾಳ ನಮ್ಮವ್ವ. ನಾ ಮುಚ್ಚಿಡಂಗಿಲ್ಲ. ನನ್ನ ಮಕ್ಕಳಿಗೂ ಇದು ಬರಬಹುದು. ಮೊದಲು ನಿಮ್ಮ ಮನ್ಯಾಗ ಹೇಳ್ರಿ."

"ಹೇಳೀನಿ."

"ಏನಂದ್ರು?"

"ಅವ್ವ ಬ್ಯಾಡ ಅಂದ್ಳು. ನಾ ಬೇಕೇ ಬೇಕು ಅಂದೆ. ಎರಡು ದಿನ ಮಾತಿಲ್ಲ. ಇವತ್ತ ಮುಂಜಾನೆ ತಾನೇ ಕೇಳಿದ್ಳು, ಹುಡುಗಿ ಹ್ಯಾಂಗ ಅದಾಳ ಅಂತ."

"ನೀವೇನಂದ್ರಿ?"

"ಯಾರಿಗೂ ಹೆದರೋದಿಲ್ಲ ಅಂದೆ."

ಇಂದ್ರಾ ಸೇತುವೆಯ ಕಂಬಿ ಹಿಡಿದುಕೊಂಡಳು. ಅವಳ ಕಣ್ಣು ತುಂಬಿತ್ತು.

"ಹೆದರೀನ್ರಿ," ಎಂದಳು ಮೆಲ್ಲಗೆ. "ಈ ತಿಂಗಳೆಲ್ಲಾ... ನೀವು ಬರ್ಲೇ ಇಲ್ಲಂದ್ರ ಹ್ಯಾಂಗ ಅಂತ."

"ಬಂದೀನಲ್ಲ!"