ಒಂದು ಬಕೆಟ್ ಕಡಲು

"ಸಸಿ ಮಾರೋ ಅಂಗಡೀಲಿ ದಿನಾ ಒಂದು ಬಕೆಟ್ ಸಮುದ್ರದ ನೀರು ಯಾರಿಗೋ?" ಎಂದಳು ಅಕ್ಕ, ಕುಂಡಕ್ಕೆ ಮಣ್ಣು ತುಂಬುತ್ತಲೇ.

"ಪಾಚಿಗೆ ಕಣಕ್ಕ. ನೀರು ಬದಲಾಯಿಸ್ಬೇಕು."

"ಹೂಂ, ಪಾಚಿಗೇ. ಅದಕ್ಕೇ ತಲೆ ಬಾಚ್ಕೊಂಡು ಹೊರಟಿದ್ದೀಯ."

ಅಂಗಡಿಯ ಕಿಟಕಿಯ ಗಾಜಿನ ತೊಟ್ಟಿಯಲ್ಲಿ, ಅಂಗೈಯಗಲದ ಕಲ್ಲೊಂದನ್ನು ಹಿಡಿದು ಕೆಂಪು ಕಡಲಪಾಚಿ ಬಳುಕುತ್ತಿತ್ತು. ದಡದ ನೀರಿನಲ್ಲಿ ಹಗ್ಗ ಕಟ್ಟಿ ಪಾಚಿ ಬೆಳೆಸುವ ಹುಡುಗಿ ಒಮ್ಮೆ ಸಸಿ ಕೊಳ್ಳಲು ಬಂದವಳು, "ಇದನ್ನೂ ಬೆಳೆಸಿ ನೋಡಿ" ಎಂದು ಕೊಟ್ಟಿದ್ದಳು. ಈ ತಮ್ಮನೋ ಗಿಡದ ಮನುಷ್ಯ. ಕೈ ಸುಮ್ಮನಿರದೆ ಬುಡಕ್ಕೆ ಒಂದು ಹಿಡಿ ಗೊಬ್ಬರ ಹಾಕಿದ್ದ. ನೀರೆಲ್ಲ ರಾಡಿ. ತೊಟ್ಟಿ ಹೊತ್ತು ದಡಕ್ಕೆ ಓಡಿಬಂದವನನ್ನು ಕಂಡು ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

"ಇದಕ್ಕೆ ಬೇರೇ ಇಲ್ಲ ರೀ! ಕಲ್ಲನ್ನ ಬಿಗಿಯಾಗಿ ಹಿಡ್ಕೊಳ್ಳುತ್ತೆ, ಅಷ್ಟೇ. ಮೈಯೆಲ್ಲಾ ಬಾಯಾಗಿ ನೀರಿಂದಲೇ ಊಟ ಹೀರುತ್ತೆ. ಬಿಸಿಲು ಇಳಿಯೋವಷ್ಟು ಆಳ, ಉಪ್ಪು, ಅಲ್ಲಾಡೋ ನೀರು. ಇನ್ನೇನೂ ಬೇಡ."

ಆ ನಗು ಕೇಳಿದ ಮೇಲೆ ಅವನಿಗೆ ಬೇಕಾದದ್ದು ಒಂದೇ: ನಾಳೆ ಬರಲು ಒಂದು ನೆಪ. ನೀರೇ ನೆಪವಾಯಿತು.

ಇವತ್ತು ಅವಳು ಮೊಣಕಾಲುದ್ದದ ನೀರಲ್ಲಿ ನಿಂತು ಹಗ್ಗಕ್ಕೆ ಪಾಚಿಯ ತುಂಡು ಕಟ್ಟುತ್ತಿದ್ದಳು. ಕೂದಲೆಳೆಯೊಂದು ಒದ್ದೆ ಕೆನ್ನೆಗೆ ಅಂಟಿತ್ತು. ಬಕೆಟ್ಟನ್ನು ನೋಡಿದಳು, ಅವನನ್ನು ನೋಡಿದಳು, ದಡಕ್ಕೆ ಬಂದು ಚೀಲದಿಂದ ಒಂದು ಪ್ಯಾಕೆಟ್ ತೆಗೆದಳು.

"ತಗೊಳ್ಳಿ. ತೊಟ್ಟಿಗೇ ಅಂತ ಮಾಡಿರೋ ಸಮುದ್ರದ ಉಪ್ಪು. ಮನೆ ನೀರಿಗೆ ಬೆರೆಸಿದ್ರೆ ಆಯ್ತು. ಇನ್ನು ಇಷ್ಟು ದೂರ ಬರೋದೇ ಬೇಡ."

ಅವನ ಮುಖ ಬಾಡಿದ ಸೊಪ್ಪಾಯಿತು.

"ಪ್ಯಾಕೆಟ್ ಉಪ್ಪು... ಅದಕ್ಕೆ ಒಗ್ಗಲ್ಲ ಅನ್ಸುತ್ತೆ."

"ಒಗ್ಗುತ್ತೆ. ನಾನೇ ಬೆಳೆಸಿದ್ದೀನಿ."

"ಕಡಲು ನೆನೆಸ್ಕೊಂಡು ಸೊರಗುತ್ತೆ, ಪಾಪ."

"ಯಾರು, ಪಾಚೀನಾ?" ಅವಳ ತುಟಿಯಂಚು ಕುಣಿಯಿತು. "ವಾರಕ್ಕೊಂದು ಸಲ ನೀರು ಬದಲಾಯಿಸಿದ್ರೆ ಸಾಕು ಅಂತ ಅವತ್ತೇ ಹೇಳಿದ್ದೆ."

ಸಿಕ್ಕಿಬಿದ್ದ. ಗಿಡಗಳ ಜೊತೆ ಗಂಟೆಗಟ್ಟಲೆ ಹರಟುವವನು ಈಗ ಬಕೆಟ್ಟಿನ ಹಿಡಿಯನ್ನು ಆಚೆಗೊಮ್ಮೆ ಈಚೆಗೊಮ್ಮೆ ಮಗುಚತೊಡಗಿದ. ಪ್ಯಾಕೆಟ್ ತೆಗೆದುಕೊಂಡರೆ ನಾಳೆಯಿಂದ ಈ ದಡವಿಲ್ಲ, ಈ ಕೆನ್ನೆಯ ಕೂದಲೆಳೆಯಿಲ್ಲ.

"ಹಾಗಾದ್ರೆ... ನಿಮ್ಮನ್ನ ನೋಡೋಕೆ ಏನಂತ ಹೇಳ್ಕೊಂಡು ಬರಲಿ?"

"ನೋಡೋಕೆ ಅಂತಲೇ!" ಅವಳ ಮುಖ ಪಾಚಿಗಿಂತ ಕೆಂಪಾಗಿತ್ತು. "ಇಷ್ಟು ಹೇಳಿಸೋಕೆ ಊರಿನ ಅಂಗಡಿಯೆಲ್ಲಾ ಹುಡುಕಿ ಪ್ಯಾಕೆಟ್ ತರಬೇಕಾಯ್ತಲ್ಲ ನಾನು!"

"ದಿನಾ ಬರಲಾ?"

"ದಿನಾ. ಬರಿಗೈಲಿ."

ಅಷ್ಟರಲ್ಲಿ ಅಲೆಯೊಂದು ಬಂದು, ಮರಳಿನ ಮೇಲೆ ಬಿಟ್ಟಿದ್ದ ಅವನ ಒಂದು ಚಪ್ಪಲಿಯನ್ನು ಎಳೆದುಕೊಂಡು ಹೊರಟಿತು. ಇಬ್ಬರೂ ಕೂಗುತ್ತಾ ಅದರ ಹಿಂದೆ ನೀರಿಗಿಳಿದರು.