ಕತ್ತಿನೊಳಗಿನ ಬಿರುಕು

ವಾಮನ ಹರಿಕಂತ್ರರ ಕತ್ತಿಗೆ ಸುತ್ತಿದ್ದ ಬೆರಳಗಲದ ಪಟ್ಟಿ ಸದ್ದಿಲ್ಲದೆ ಕೆಲಸ ಮಾಡುತ್ತಿತ್ತು. ಕಿವಿಗೆ ಕೇಳದ ಧ್ವನಿತರಂಗಗಳನ್ನು ಒಳಗೆ ಕಳಿಸಿ, ಮಿದುಳಿಗೆ ರಕ್ತ ಒಯ್ಯುವ ಅಪಧಮನಿಯ ಗೋಡೆಯನ್ನು ಪರದೆಯ ಮೇಲೆ ಬಿಡಿಸುತ್ತಿತ್ತು. ಗೋಡೆಗಂಟಿದ ಕೊಬ್ಬು ಹಳದಿಯಾಗಿಯೂ ಅದನ್ನು ಮುಚ್ಚಿದ ಪೊರೆ ಬಿಳಿಯಾಗಿಯೂ ಕಾಣುತ್ತಿತ್ತು.

ಕಾರವಾರ ಬಂದರಿನಲ್ಲಿ ಹಡಗುಗಳನ್ನು ಎಳೆದು ತರುವ ಟಗ್ ದೋಣಿಯನ್ನು ವಾಮನ ಇಪ್ಪತ್ತಾರು ವರ್ಷ ನಡೆಸಿದ್ದರು. 2056ರ ನಿಯಮದಂತೆ ಪರವಾನಗಿ ನವೀಕರಣಕ್ಕೆ ಈ ಪರೀಕ್ಷೆ ಕಡ್ಡಾಯವಾಗಿತ್ತು. ಪಟ್ಟಿಯನ್ನು ರೂಪಿಸಿದ ವಿಜ್ಞಾನಿ ಡಾ. ಮೆಹರುನ್ನೀಸಾ ಸವಣೂರ ಅಂದು ತಾವೇ ಬಂದಿದ್ದರು. ಪರದೆ ನೋಡುತ್ತಿದ್ದವರು ಚಿತ್ರವನ್ನು ಹಿಗ್ಗಿಸಿದರು.

ಕೊಲೆಸ್ಟ್ರಾಲ್ ಗುಳಿಗೆ ತಪ್ಪದೆ ತೆಗೆದುಕೊಳ್ಳುತ್ತಿದ್ದೀರಾ ಎಂದು ಅವರು ಕೇಳಿದರು. ವಾಮನ ಮೊದಲು ಹೌದೆಂದರು, ಆಮೇಲೆ ಐದು ತಿಂಗಳಿಂದ ಬಿಟ್ಟಿರುವುದಾಗಿ ಒಪ್ಪಿಕೊಂಡರು. ಇಡೀ ವರ್ಷ ನುಂಗಿದರೂ ರಕ್ತನಾಳದ ಇಕ್ಕಟ್ಟು ಶೇಕಡಾ ನಲವತ್ತೆಂಟರಿಂದ ನಲವತ್ತೇಳಕ್ಕೆ ಇಳಿದಿತ್ತು, ಅಷ್ಟೇ. ಕಾಲಿನ ಸ್ನಾಯು ನೋಯುತ್ತಿತ್ತು ಬೇರೆ.

ಮೆಹರುನ್ನೀಸಾ ಹಳೆಯ ಚಿತ್ರಗಳನ್ನು ಇಂದಿನದರ ಪಕ್ಕದಲ್ಲಿಟ್ಟು ತೋರಿಸಿದರು. ಗುಳಿಗೆಗೆ ಮುಂಚೆ ಹಳದಿ ದಪ್ಪವಾಗಿತ್ತು, ಬಿಳಿ ಪೊರೆ ಈರುಳ್ಳಿ ಸಿಪ್ಪೆಯಷ್ಟು ತೆಳು. ವರ್ಷದ ಕೊನೆಗೆ ಹಳದಿ ಕುಗ್ಗಿ ಪೊರೆ ಗಟ್ಟಿಯಾಗಿತ್ತು. ಇಂದಿನ ಚಿತ್ರದಲ್ಲಿ ಪೊರೆ ಮತ್ತೆ ಸವೆದು, ಕೂದಲೆಳೆಯಂಥ ಬಿರುಕು ಬಿಟ್ಟಿತ್ತು. ಅದರ ಬಾಯಲ್ಲಿ ರಕ್ತ ಹೆಪ್ಪುಗಟ್ಟುತ್ತಿತ್ತು.

"ಕೊಬ್ಬು ಕರಗಿಸುವುದಷ್ಟೇ ಗುಳಿಗೆಯ ಕೆಲಸವಲ್ಲ ವಾಮನಣ್ಣ, ಪೊರೆ ಒಡೆಯದ ಹಾಗೆ ಕಾಯುವುದೂ ಹೌದು," ಎಂದರು. "ಈಗಲೇ ಆಸ್ಪತ್ರೆಗೆ ಹೋಗಬೇಕು."

ವಾಮನ ಎದ್ದು ನಿಂತು ಕನ್ನಡಕಕ್ಕೆ ಕೈ ಚಾಚಿದರು. ಬಲಗೈ ಮೇಲೇಳಲಿಲ್ಲ. ಹಾಗಂತ ಹೇಳಹೋದರೆ ನಾಲಿಗೆ ತೊದಲಿತು. ಮೆಹರುನ್ನೀಸಾ ಅವರನ್ನು ನೆಲಕ್ಕೊರಗಿಸಿ ಆಂಬುಲೆನ್ಸ್ ಕರೆದರು. ಆಸ್ಪತ್ರೆ ಸೇರುವ ಇಪ್ಪತ್ತು ನಿಮಿಷವೂ ವಾಮನ ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡೇ ಇದ್ದರು. ಅದು ಬೇರೆ ಯಾರದೋ ಕೈಯಂತಿತ್ತು.

ಹೆಪ್ಪು ಕರಗಿಸುವ ಚುಚ್ಚುಮದ್ದು ಹೊತ್ತಿಗೆ ಸರಿಯಾಗಿ ಸಿಕ್ಕಿತು. ಮೂರನೆಯ ದಿನ ಮಾತು ನೆಟ್ಟಗಾಯಿತು. ಎರಡು ಬೆರಳು ಮಾತ್ರ ಮರಗಟ್ಟಿಯೇ ಉಳಿದವು. ಟಗ್ ನಡೆಸುವುದು ಅಲ್ಲಿಗೆ ಮುಗಿಯಿತು.

ನೋಡಲು ಬಂದ ಮೆಹರುನ್ನೀಸಾರನ್ನು ವಾಮನ ಕೇಳಿದರು: "ಈ ಪಟ್ಟಿ ಬರುವ ಮುಂಚೆ, ಮೂವತ್ತು ವರ್ಷದ ಹಿಂದೆ, ಜನ ಏನು ನೋಡಿ ಗುಳಿಗೆ ನುಂಗುತ್ತಿದ್ದರು?"

"ರಕ್ತಪರೀಕ್ಷೆಯ ಕಾಗದದ ಮೇಲೊಂದು ಅಂಕಿ ನೋಡಿ. ಆ ಅಂಕಿ ಇಳಿದರೆ ವಾಸಿಯಾಯಿತೆಂದು ನಿಲ್ಲಿಸುವವರಿದ್ದರು. ಇಳಿಯದಿದ್ದರೆ ಪ್ರಯೋಜನವಿಲ್ಲವೆಂದು ನಿಲ್ಲಿಸುವವರೂ ಇದ್ದರು. ಒಳಗಿನ ಪೊರೆ ಮಾತ್ರ ಅವರಲ್ಲಿ ಯಾರಿಗೂ ಕಾಣುತ್ತಿರಲಿಲ್ಲ."